ಟಬ್ಬಿನಲ್ಲಿ ಬೆಳೆದ ಬಟ್ಟೆ

ಟೀ ಡಿಕಾಕ್ಷನ್ನಿನಲ್ಲಿ ಬಟ್ಟೆ ಬೆಳೆಯುತ್ತೇನೆ ಎಂದು ಹೊರಟವಳಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ, ಬೇಡವೆಂದರೂ ಬಿಡುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಹಳೇ ಮಗ್ಗದ ಶೆಡ್ಡಿನಲ್ಲಿ ಈಗ ಟಬ್ಬುಗಳಿವೆ. ಸಕ್ಕರೆ ಹಾಕಿದ ಡಿಕಾಕ್ಷನ್ನಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಎಳೆ ಬಿಟ್ಟು, ಮೂರು ವಾರಕ್ಕೆ ದಪ್ಪ ಕೆನೆಯಂಥ ಹಾಳೆ ಕಟ್ಟುತ್ತವೆ. ಒಣಗಿಸಿ ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಅದನ್ನು ನೋಡುತ್ತಾ ಕೂತು ಎಷ್ಟೋ ಸಲ ಊಟ ಮರೆತಿದ್ದೇನೆ.

ದೇವನಹಳ್ಳಿಯ ಹೋಟೆಲೊಂದು ಮಾದರಿಗೆಂದು ಒಂದು ಲ್ಯಾಂಪ್‌ಶೇಡ್ ಕೇಳಿತ್ತು. ಅವರು ಒಪ್ಪಿದರೆ ಶೆಡ್ಡು ನನಗೆ, ಇಲ್ಲದಿದ್ದರೆ ಗೋಡೌನಿಗೆ ಬಾಡಿಗೆ ಎಂದು ಅಣ್ಣ ಹೇಳಿಬಿಟ್ಟಿದ್ದ.

೧. ಪಕ್ಕದ ಮಗ್ಗ

ಈ ಹಾಳೆಗೆ ಅಲುಗಾಟ ಆಗದು. ಪಕ್ಕದ ಮನೆಯ ಪವರ್‌ಲೂಮ್ ಓಡಿದರೆ ಟಬ್ಬಿನ ನೀರು ನಡುಗಿ ಹಾಳೆ ಸುಕ್ಕಾಗುತ್ತಿತ್ತು. ಕರೆಂಟ್ ಹೋದಾಗ ಮಾತ್ರ ಬೀದಿಯೇ ಕನಸಿಗೆ ಜಾರಿದಂತೆ ಸುಮ್ಮನಾಗಿ, ಹಾಳೆ ನೆಮ್ಮದಿಯಾಗಿ ಬೆಳೆಯುತ್ತಿತ್ತು. ನನಗೆ ಆ ಹೊತ್ತೆಂದರೆ ಪ್ರಾಣ.

ಇದನ್ನು ಪಕ್ಕದ ಮಗ್ಗದ ಯಜಮಾನರಿಗೆ ಹೇಳಿದೆ. ಅವರು ಗಲ್ಲ ಕೆರೆದುಕೊಂಡು, "ಅಲ್ಲ ಕಣಮ್ಮಾ, ಕರೆಂಟ್ ಬಂದ್ರೆ ನಿಂತೋಗೋ ಮಗ್ಗಾನ ಇದೇ ಮೊದ್ಲು ನೋಡ್ತಿರೋದು" ಎಂದರು.

೨. ಅಮ್ಮನ ಅರಿಶಿನ

ಟಬ್ಬುಗಳನ್ನು ಹಳೇ ಹಾಸಿಗೆಗಳ ಮೇಲಿಟ್ಟೆ. ಅಲುಗಾಟ ನಿಂತು ಒಂದು ಹಾಳೆ ನುಣ್ಣಗೆ ಬಂತು. ಇನ್ನೊಂದೆರಡು ದಿನ ಬೆಳೆದರೆ ಸಾಕಿತ್ತು. ಬೆಳಿಗ್ಗೆ ನೋಡಿದರೆ ನಾಲ್ಕು ಮೂಲೆಗೂ ಅರಿಶಿನ! ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ನಮ್ಮ ಮನೆಯಲ್ಲಿ ಯಾರೂ ಉಡುವುದಿಲ್ಲ.

"ಅಮ್ಮಾ, ಅದಿನ್ನೂ ಬೆಳೀತಿದೆ. ಅರಿಶಿನ ಬಿದ್ರೆ ಆ ಜೀವಿಗಳಿಗೆ ಆಗಲ್ಲ!"

"ಅರಿಶಿನ ಆಗದೇ ಇರೋದು ದೆವ್ವಕ್ಕೆ ಕಣೇ. ನೀನು ಏನು ಸಾಕ್ತಿದೀಯೋ ನೋಡ್ಕೋ" ಎಂದಳು ಅಮ್ಮ.

೩. ಹೋಟೆಲಿನ ದೀಪ

ಮೂಲೆಗಳನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಒಣಗಿಸಿ ಲ್ಯಾಂಪ್‌ಶೇಡ್ ಮಾಡಿದೆ. ಹೋಟೆಲಿನ ಲಾಬಿಯಲ್ಲಿ ದೀಪ ಹಾಕಿದಾಗ ಗೋಡೆಯ ತುಂಬಾ ಜೇನಿನಂಥ ಬೆಳಕು ಹರಡಿತು. ಮ್ಯಾನೇಜರ್ ತಾವೇ ಹೋಗಿ ಲಾಬಿಯ ಉಳಿದ ದೀಪಗಳನ್ನೆಲ್ಲ ಆರಿಸಿದರು.

ಮರುದಿನ ಜಡಿಮಳೆ. ಮ್ಯಾನೇಜರ್ ಫೋನ್ ಮಾಡಿ, "ಮೇಡಂ, ಬೇಗ ಬನ್ನಿ" ಎಂದರು. ಓಡಿದೆ. ಹಾಳೆ ಗಾಳಿಯ ತೇವವನ್ನೆಲ್ಲ ಕುಡಿದು ಮೆತ್ತಗಾಗಿತ್ತು. ಬಲ್ಬಿನ ಬಿಸಿಗೆ ಲಾಬಿಯೆಲ್ಲ ಹುಳಿ ಹುಳಿ ವಾಸನೆ. ಶೆಡ್ಡು ಕೈತಪ್ಪಿತು ಎಂದುಕೊಂಡೆ, ಅಳುವೇ ಬಂತು.

"ತಪ್ಪಾಯ್ತು ಸಾರ್, ಬಿಚ್ಕೊಂಡು ಹೋಗ್ತೀನಿ."

"ಬಿಚ್ಚಿ, ಆದ್ರೆ ಊಟದ ಹಾಲ್‌ನಲ್ಲಿ ಕಟ್ಟಿ. ಅಲ್ಲಿಗೆ ಇನ್ನೂ ಆರು ಬೇಕು" ಎಂದರು ಮ್ಯಾನೇಜರ್. "ಬೆಳಗಿಂದ ರೂಮ್ ಕೇಳೋಕೆ ಬಂದೋರೆಲ್ಲ ಪುಳಿಯೋಗರೆ ಎಲ್ಲಿ ಅಂತಿದಾರೆ!"