ಗೊರಕೆಯ ಹಿಮ್ಮೇಳ

ನಿರ್ದೇಶಕನ ಗ್ರಹಚಾರ ಶುರುವಾದದ್ದು ಒಂದು ಕುರ್ಚಿಯಿಂದ. ಕಿಟಕಿಯ ಬೆಳಕು ಮುಖಕ್ಕೆ ಚೆನ್ನಾಗಿ ಬೀಳಲಿ ಎಂದು ಹಡಗಿನಜ್ಜನನ್ನು ಅದರಲ್ಲಿ ಕೂರಿಸಿದ. ಅಜ್ಜ ಬಾಯಿಗೆ ಬೀಗ ಹಾಕಿಕೊಂಡು ಕೂತ.

ನಿರ್ದೇಶಕನೆಂದರೆ ಕ್ಯಾಮೆರಾ, ದೀಪ, ಮೈಕು ಎಲ್ಲವೂ ಅವನೇ. ಯುದ್ಧ ಕಂಡ ನಾವಿಕರ ನೆನಪುಗಳನ್ನೆಲ್ಲ ಸಾಕ್ಷ್ಯಚಿತ್ರ ಮಾಡುವ ಹುಚ್ಚು ಹಿಡಿದು ಊರೂರು ಅಲೆದವನು. ಯುದ್ಧದಲ್ಲಿ ಮುಳುಗಿದ ಒಂದು ಹಡಗಿನವರಲ್ಲಿ ಬದುಕಿ ಉಳಿದಿದ್ದವನು ಈ ಅಜ್ಜನೊಬ್ಬನೇ. ಇವನ ಮಾತಿಲ್ಲದಿದ್ದರೆ ಚಿತ್ರವೇ ಇಲ್ಲ. ಬಾಡಿಗೆಗೆ ತಂದ ಕ್ಯಾಮೆರಾ ಬೇರೆ ಸಂಜೆಗೆ ವಾಪಸು ಹೋಗಬೇಕು. ಕಾಲರಿಗೆ ಸಿಕ್ಕಿಸುವ ಮೈಕನ್ನಂತೂ ಅಜ್ಜ ಜಿರಳೆಯೆಂದು ಆಗಲೇ ಚಪ್ಪಲಿಯಿಂದ ಹೊಸಕಿ ಹಾಕಿದ್ದ.

"ಅಜ್ಜಾ, ಆ ರಾತ್ರಿ ಏನಾಯ್ತು?"

"ಹಡಗು ಮುಳುಗ್ತು."

"ಆಮೇಲೆ?"

"ಮುಳುಗಿದ ಮೇಲೆ ಆಮೇಲೆ ಎಲ್ಲಿಂದ ಬರುತ್ತಪ್ಪ?"

ಬಾಗಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಟೀಚರಮ್ಮನಿಗೆ ತಡೆಯಲಾಗಲಿಲ್ಲ. "ಕುರ್ಚೀಲಿ ಕೂತು ಅವರು ಯಾವತ್ತು ಮಾತಾಡಿದಾರೆ? ಜೋಲೀಲಿ ಮಲಗಿಸಿ!"

ಮೂಲೆಯಲ್ಲಿ ಹಡಗಿನ ಕಾಲದ ಬಲೆಯ ಜೋಲಿ ತೂಗುತ್ತಿತ್ತು. ಮಲಗಿದ ಕೂಡಲೇ ಅಜ್ಜನ ಮುಖ ಅರಳಿತು. ಆದರೆ ಕ್ಯಾಮೆರಾಕ್ಕೆ ಒಮ್ಮೆ ಅವನ ಮೂಗು, ಇನ್ನೊಮ್ಮೆ ಬರಿಯ ಗೋಡೆ ಕಾಣಿಸಿತು.

"ಅವರು ತೂಗಿದ ಹಾಗೇ ನೀವೂ ತೂಗಿದ್ರೆ ಸರಿಹೋಯ್ತಲ್ಲ ಸಾರ್!" ಎಂದ, ಗದ್ದಲ ಕೇಳಿ ಮೇಲೆ ಬಂದಿದ್ದ ಕೆಳಗಿನ ಅಂಗಡಿಯ ಟೈಲರ್. ಕೋಣೆಯಲ್ಲಿದ್ದ ಹಳೆಯ ತೂಗುಕುರ್ಚಿಯನ್ನು ಜೋಲಿಯ ಪಕ್ಕಕ್ಕೆ ಎಳೆದು, ನಿರ್ದೇಶಕನನ್ನು ಕ್ಯಾಮೆರಾ ಸಮೇತ ಅದರಲ್ಲಿ ಕೂರಿಸಿ, ಹೊಲಿಗೆ ಯಂತ್ರ ತುಳಿದ ಕಾಲಿನಿಂದ ಹದವಾಗಿ ಒತ್ತತೊಡಗಿದ.

ಕೋಣೆ ಮೆಲ್ಲಗೆ ದಡ ಬಿಟ್ಟಿತು. ಕಿಟಕಿಯ ಪರದೆ ಉಬ್ಬಿತು. ಬೀರುವಿನ ಕನ್ನಡಿಯ ಬೆಳಕು ಗೋಡೆಯ ಮೇಲೆ ನೀರಾಗಿ ಆಡಿತು. ಅಡುಗೆಮನೆಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದು ಎಷ್ಟೋ ದೂರದ ಬಂದರಿನಿಂದ ಬಂದಂತಿತ್ತು. ಸಂಕಲನದ ಕೋಣೆಯಲ್ಲಿ ನಿದ್ದೆಗೆಟ್ಟಿದ್ದ ನಿರ್ದೇಶಕನ ಕಣ್ಣು ಎಳೆಯಿತು.

ಎಚ್ಚರವಾದಾಗ ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ಟೈಲರ್ ಮೂಗು ಸೀಟುತ್ತಿದ್ದ.

"ಎಂಥ ಕತೆ ಹೇಳಿದ್ರು ಸಾರ್!"

"ಹೇಳಿಬಿಟ್ಟರಾ? ನನ್ನನ್ನ ಎಬ್ಬಿಸಬಾರದಿತ್ತಾ?"

"ಅಜ್ಜನೇ ಬೇಡ ಅಂದ್ರು."

ಪುಣ್ಯಕ್ಕೆ ಕ್ಯಾಮೆರಾ ಓಡುತ್ತಲೇ ಇತ್ತು. ಅವಸರವಾಗಿ ಹಾಕಿ ನೋಡಿದ. ಕಂಡದ್ದು ಬರೀ ಸೂರು. ಕೇಳಿಸಿದ್ದು ಮರ ಕೊಯ್ಯುವ ಗರಗಸದಂಥ ಅವನದೇ ಗೊರಕೆ. ಅದರಡಿಯಲ್ಲಿ ಅಜ್ಜನ ಪಿಸುಮಾತು ಗುಜುಗುಜು ಎನ್ನುತ್ತಿತ್ತು, ಒಂದು ಪದವೂ ತಿಳಿಯಲಿಲ್ಲ.

"ಅಜ್ಜಾ, ದಮ್ಮಯ್ಯ, ಇನ್ನೊಂದು ಸಲ!"

"ಹೇಳ್ತೀನಿ ಮಗಾ. ಮೊದಲು ನಿದ್ದೆ ಮಾಡು."

"ನಿದ್ದೆ ಯಾಕೆ?"

"ನೀನು ಎಚ್ಚರ ಇದ್ರೆ ನಂಗೆ ಮಾತು ಹೊರಡಲ್ಲ."

ಚಿತ್ರ ಹಾಳಾಗಿ ಹೋಗಲಿ, ದನಿಯಾದರೂ ಸಿಗಲಿ ಎಂದು ನಿರ್ದೇಶಕ ಓಡುವ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಟೈಲರ್ ಕಾಲೊತ್ತಿದ. ಕೋಣೆ ಮತ್ತೆ ತೇಲಿತು. ಅಜ್ಜ ಮಾತ್ರ ತುಟಿ ಬಿಚ್ಚಲಿಲ್ಲ.

"ಇವನು ಮಲಗಿಲ್ಲ. ಗೊರಕೆ ಎಲ್ಲಿ?" ಎಂದ.

ವಿಧಿಯಿಲ್ಲದೆ ನಿರ್ದೇಶಕ ಸಣ್ಣಗೆ ಗೊರಕೆ ತೆಗೆದ. ಜೋಲಿಯಿಂದ ಪಿಸುಮಾತು ಹೊರಟಿತು.

"ಸಣ್ಣ ದೋಣೀಲಿ ನಾವಿಬ್ಬರೇ ಉಳಿದ್ವಿ. ನನ್ನ ಗೆಳೆಯಂಗೆ ಏಟು ಬಿದ್ದಿತ್ತು. ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ. ಥೇಟ್ ಇದೇ ಗೊರಕೆ. ಕತ್ತಲೇಲಿ ಮುಖ ಕಾಣ್ತಿರಲಿಲ್ಲ. ಗೊರಕೆ ಇದೆ ಅಂದ್ರೆ ಜೀವ ಇದೆ ಅಂತ. ಅದು ಕೇಳಿಸ್ತಿರೋವರೆಗೂ ಬಾಯಿಗೆ ಬಂದದ್ದೆಲ್ಲ ಹೇಳ್ತಾ ಹೋದೆ. ಬೆಳಕು ಹರಿಯೋ ಹೊತ್ತಿಗೆ ನಿಂತುಹೋಯ್ತು. ನನ್ನ ಮಾತೂ ನಿಂತಿತು…"

ನಿರ್ದೇಶಕ ಕತೆಯಲ್ಲೇ ಮುಳುಗಿಹೋದ. ಗೊರಕೆ ತಪ್ಪಿತು.

ಪಿಸುಮಾತು ತಟ್ಟನೆ ನಿಂತಿತು. "ಮಗಾ?" ಜೋಲಿಯಿಂದ ಒಂದು ಮುದಿ ಕೈ ಬಂದು ಅವನ ಮೂಗಿನ ಹತ್ತಿರ ಉಸಿರು ಹುಡುಕಿತು.

ಕಿಟಕಿಯ ಬಿಸಿಲು ಇಳಿದಾಗಿತ್ತು. ಇನ್ನು ಸಣ್ಣ ಗೊರಕೆ ಅಜ್ಜನಿಗೆ ಸಾಲದು, ಜೋರಾಗಿ ಹೊಡೆದರೆ ಒಂದು ಮಾತೂ ದಾಖಲಾಗುವುದಿಲ್ಲ, ಚಿತ್ರಕ್ಕೆ ಎಳ್ಳುನೀರೇ ಗತಿ ಎಂದು ನಿರ್ದೇಶಕನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕಣ್ಣು ಬಿಡಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದಂತೆಯೇ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಗೊರಕೆ ಹೊಡೆಯತೊಡಗಿದ.

"ಹಾಂ, ಇದಾನೆ," ಎಂದು ಅಜ್ಜ ಕತೆ ಮುಂದುವರಿಸಿದ.