ಮೂರನೆಯ ‘ಬ್ಯಾಡ’

ವೇದಾ ಕ್ಲಿನಿಕ್ಕಿನ ಹಿತ್ತಲಲ್ಲಿ ಕೂತು ಬಟ್ಟೆಯ ತುಂಡುಗಳನ್ನು ತೊಳೆಯುತ್ತಿದ್ದಳು. ಸ್ಕ್ಯಾನಿಂಗ್ ಮಾಡುವ ಮೊದಲು ಹೊಟ್ಟೆಗೆ ಸವರುವ ಜೆಲ್ ಇದೆಯಲ್ಲ, ಅದು ಲೋಳೆಸರದ ತಮ್ಮನಂಥದ್ದು. ಬಟ್ಟೆಯಿಂದ ಬಿಡಿಸಿದರೆ ಕೈಗೆ, ಕೈಯಿಂದ ಬಿಡಿಸಿದರೆ ಬಕೆಟ್ಟಿನ ಹಿಡಿಗೆ ಅಂಟುತ್ತಿತ್ತು. ಅವಳು ಹಿಂಡಿದಳು, ಕೊಡವಿದಳು, ತಂತಿಯ ಮೇಲೆ ಹರವಿದಳು. ಆ ಬಟ್ಟೆಗಳೆಲ್ಲ ಒರೆಸಿದ್ದು ಅವಳದೇ ಹೊಟ್ಟೆಯನ್ನು.

ಅವಳ ಹೊಟ್ಟೆಗೆ ಇಂಥ ಯೋಗ ಬಂದದ್ದು ಡಾಕ್ಟರ್ ದಾಕ್ಷಾಯಿಣಿಯವರ ಪರೀಕ್ಷೆಯಿಂದ. ಬನವಾಸಿ ಕಡೆಯ ದಾಕ್ಷಾಯಿಣಿ ಶಿರಸಿಯಲ್ಲಿ ಸಣ್ಣ ಕ್ಲಿನಿಕ್ ಇಟ್ಟಿದ್ದರು. ಅಲ್ಲಿಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬಂದು ಸ್ಕ್ಯಾನಿಂಗ್ ಮಾಡಿ ಹೋಗುತ್ತಿದ್ದರು. ಆದರೆ ಜನರ ಹೊಟ್ಟೆನೋವು ವಾರ ನೋಡಿಕೊಂಡು ಬರುತ್ತಿರಲಿಲ್ಲ. ನೋವಿನಲ್ಲಿ ಮಡಚಿಕೊಂಡವರನ್ನು ಹುಬ್ಬಳ್ಳಿಯ ಬಸ್ಸು ಹತ್ತಿಸಿ ಕಳಿಸುವುದು ದಾಕ್ಷಾಯಿಣಿಯವರಿಗೆ ಸಾಕಾಗಿತ್ತು. ತಾವೇ ಕಲಿಯುತ್ತೇನೆಂದು ಹೊರಟರು. ತರಬೇತಿ ಮುಗಿಯಿತು, ಸರ್ಟಿಫಿಕೇಟಿನ ಪರೀಕ್ಷೆ ಉಳಿಯಿತು. ಹುಬ್ಬಳ್ಳಿಯವರ ಒಪ್ಪಿಗೆ ಪಡೆದು ಸಂಜೆ ಹೊತ್ತು, ಕ್ಲಿನಿಕ್ಕಿನಲ್ಲೇ ಇರುತ್ತಿದ್ದ ಅವರ ಯಂತ್ರದಲ್ಲಿ ಅಭ್ಯಾಸ ಶುರುಮಾಡಿದರು. ಯಂತ್ರವೇನೋ ಇತ್ತು, ಹೊಟ್ಟೆ ಬೇಕಿತ್ತು. ನೆಗಡಿಗೆಂದು ಬಂದವರನ್ನು ಮಲಗಿ ಎಂದರೆ ಮಲಗುತ್ತಾರೆಯೇ?

ವೇದಾ ಮಲಗಿದಳು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳಿಗೆ ಕ್ಲಿನಿಕ್ಕಿನಲ್ಲಿ ಟೋಕನ್ ಕೂಗುವ ಕೆಲಸ. ಕೂಗುವುದು ಎಂಬುದು ದೊಡ್ಡ ಮಾತಾಯಿತು. ಅವಳು ‘ಐದು’ ಎಂದದ್ದು ಅವಳಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಅಷ್ಟು ನಾಚಿಕೆ. ಶಾಲೆಯಲ್ಲಿದ್ದಾಗ ಕಿರುಬೆರಳು ಎತ್ತಿ ‘ಒಂದಕ್ಕೆ’ ಎಂದು ಕೇಳುವ ಧೈರ್ಯವಿಲ್ಲದೆ ಗಂಟೆ ಹೊಡೆಯುವ ತನಕ ಕಾಲಿಗೆ ಕಾಲು ಹೆಣೆದು ಕೂರುತ್ತಿದ್ದವಳು. ಅವಳ ಅಮ್ಮನಿಗೆ ಮಂಗನ ಕಾಯಿಲೆ ಬಂದಾಗ, ಹತ್ತಿರ ಬರಲು ಊರೇ ಹೆದರಿದಾಗ, ದಾಕ್ಷಾಯಿಣಿ ತಾವೇ ಜೊತೆಗೆ ಕೂತು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಮ್ಮ ಉಳಿದಳು. ಆ ಡಾಕ್ಟರು ಹೊಟ್ಟೆಯನ್ನಷ್ಟೇ ಅಲ್ಲ, ತಲೆಯನ್ನೇ ಬಿಚ್ಚಿ ಕೊಡು ಎಂದಿದ್ದರೂ ವೇದಾ ಎಲ್ಲಿಂದ ಬಿಚ್ಚಲಿ ಎಂದು ಕೇಳುತ್ತಿದ್ದಳು.

ಹೀಗೆ ಮಲಗಿದ್ದಾಗ ಒಂದು ಸಂಜೆ ಡಾಕ್ಟರು ಕುರ್ಚಿಯಿಂದ ಎದ್ದು ನಿಂತೇಬಿಟ್ಟರು.

“ಸಿಕ್ತು! ವೇದಾ, ನಿನ್ನ ಪಿತ್ತಕೋಶದಾಗ ಕಲ್ಲೈತಿ! ಕಾಳುಮೆಣಸಿನಷ್ಟು! ಏನು ಚಂದ ಕಾಣ್ತೈತಿ ನೋಡವ್ವ!”

ಸದ್ಯಕ್ಕೆ ಅಪಾಯವಿಲ್ಲ, ಮುಂದೆ ನೋವು ಬಂದರೆ ನೋಡೋಣ ಎಂದೂ ಹೇಳಿದರು. ವೇದಾಳಿಗೆ ಹೆದರಿಕೆಯಾಗಲಿಲ್ಲ. ಹುಟ್ಟಿದ ಮೇಲೆ ಅವಳನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು.

ಈಗ ಪರೀಕ್ಷೆಯ ದಿನ ಬಂದಿತ್ತು. ಯಲ್ಲಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಮಧ್ಯಾಹ್ನ ಪರೀಕ್ಷೆ. ಬರೆಯುವವರು ಒಬ್ಬೊಬ್ಬರನ್ನು ಕರೆತರಬೇಕು. ಅವರ ಹೊಟ್ಟೆಯನ್ನು ಪರೀಕ್ಷಕರ ಎದುರು ನೋಡಿ ಹೇಳಬೇಕು. ಡಾಕ್ಟರು ಹಿಂದಿನ ದಿನವೇ ತಾಕೀತು ಮಾಡಿದ್ದರು. “ನೋಡವ್ವ, ಊಟ ಮಾಡಿದ್ರ ಪಿತ್ತಕೋಶ ಕುಗ್ಗತೈತಿ, ಕಲ್ಲು ಕಾಣಂಗಿಲ್ಲ. ತುಪ್ಪ ಅಂತೂ ನೋಡಬ್ಯಾಡ. ಹೊಟ್ಟಿ ಖಾಲಿ ಇರಬೇಕು, ಮೂತ್ರಚೀಲ ತುಂಬಿರಬೇಕು. ನೀರು ಕುಡಿ. ಕುಡಿದು ತಡಕೋ.”

“ಹೂಂ” ಎಂದಿದ್ದಳು ವೇದಾ. ತಡೆದುಕೊಳ್ಳುವುದರಲ್ಲಿ ಅವಳಿಗೆ ಶಾಲೆಯ ಅನುಭವ ಬೇಕಾದಷ್ಟಿತ್ತು.

ಕ್ಲಿನಿಕ್ಕಿನ ಮುಂದೆ ಕಾರು ಬಂದು ನಿಂತಿತು. ಪಕ್ಕದಲ್ಲಿ ಹೂವು ಮಾರುವ ಗಿರಿಜವ್ವ ಸಕ್ಕರೆಯ ಬಟ್ಟಲು ಹಿಡಿದು ಓಡಿ ಬಂದಳು.

“ಪರೀಕ್ಷಾಕ್ಕ ಹೊಂಟೀರಿ, ಬಾಯಿ ಸಿಹಿ ಮಾಡ್ಕೊಂಡು ಹೋಗ್ರಿ.” ಡಾಕ್ಟರ ಬಾಯಿಗೆ ಒಂದು ಚಿಟಿಕೆ ಹಾಕಿ, ವೇದಾಳ ಕಡೆ ತಿರುಗಿದಳು. “ನೀನೂ ಬಾಯಿ ತೆಗಿ ನಮ್ಮವ್ವ.”

“ಬೇಡ ಗಿರಿಜವ್ವ...” ಎನ್ನಲು ಬಾಯಿ ತೆರೆದದ್ದೇ ತಪ್ಪಾಯಿತು. ಸಕ್ಕರೆ ಒಳಗೆ ಬಿತ್ತು. ವೇದಾ ಅದನ್ನು ಕೆನ್ನೆಯ ಮೂಲೆಯಲ್ಲಿ ಕಳ್ಳಮಾಲಿನಂತೆ ಅಡಗಿಸಿಕೊಂಡು, ಕಾರಿನ ಆಚೆ ಬದಿಗೆ ಹೋಗಿ ಕರವಸ್ತ್ರಕ್ಕೆ ಇಳಿಸಿದಳು. ಒಂದು ಗಂಡಾಂತರ ದಾಟಿತೆಂದುಕೊಂಡಳು.

ಕಾರು ಬಾಡಿಗೆಯದು, ಸಂಗಯ್ಯನದು. ಶಿರಸಿ ದಾಟುವ ಮೊದಲೇ ಅವನಿಗೆ ವಿಷಯವೆಲ್ಲ ತಿಳಿದಿತ್ತು. ಅಲ್ಲಿಂದ ನೀರು ಕುಡಿಸುವ ಜವಾಬ್ದಾರಿ ಅವನದಾಯಿತು.

“ಕುಡೀರಿ ತಂಗಿ, ಇನ್ನೊಂದು ಗುಟುಕು. ಡಾಕ್ಟ್ರ, ಚಿಂತಿ ಬಿಡ್ರಿ. ನನ್ನ ಕಾರಿನಾಗ ರೇಡಿಯೇಟರೂ ತುಂಬಿರತೈತಿ, ತಂಗಿನೂ ತುಂಬಿರ್ತಾಳ.”

ಡಾಕ್ಟರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ರಸ್ತೆಯ ಗುಂಡಿಗಳು ಒಂದೊಂದಾಗಿ ಬಂದು ವೇದಾಳ ಹೊಟ್ಟೆಯೊಳಗಿನ ಕೊಡವನ್ನು ಅಲ್ಲಾಡಿಸಿ ನೋಡಿ ಹೋಗುತ್ತಿದ್ದವು.

ಮಂಚಿಕೇರಿ ಸಮೀಪಿಸುವಾಗ ‘ಟುಸ್’ ಎಂದಿತು. ಸಂಗಯ್ಯ ಇಳಿದು ಟಯರನ್ನು ನೋಡಿದ. ಆಮೇಲೆ ಹಿಂದೆ ಹೋಗಿ ಸ್ಟೆಪ್ನಿಯನ್ನು ನೋಡಿದ. ಆಮೇಲೆ ಆಕಾಶ ನೋಡಿದ.

“ಯಾಕ್ರಿ ಸಂಗಯ್ಯ?”

“ಇದಕ್ಕೂ ಪಂಕ್ಚರ್ ತೆಗಸಬೇಕು ಅಂತ ಹ್ವಾದವಾರನ ಅಂದ್ಕೊಂಡಿದ್ದೆ ನೋಡ್ರಿ. ನೆನಪು ಚಲೋ ಐತಿ ನಂದು. ಮಾಡೋದೊಂದು ಉಳೀತು.”

ಅವನು ಎರಡೂ ಟಯರುಗಳನ್ನು ದಾರಿಯಲ್ಲಿ ಬಂದ ಟೆಂಪೋಗೆ ಹೇರಿಕೊಂಡು ಹೋದ. ಡಾಕ್ಟರು ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ರಸ್ತೆಯ ಆಚೆಯಿಂದ ಒಂದು ಧ್ವನಿ ಹಾರಿ ಬಂತು.

“ಅದು ಯಾರು, ವೇದಾ ಅಲ್ದನೇ? ಯಮ್ಮನೆ ಎದುರಿಗೇ ನಿಂತ್ಕಂಡು ಒಳಗೆ ಬತ್ಲ್ಯನೇ ಕೂಸೆ?”

ವೇದಾ ಕಾರಿನ ಮರೆಗೆ ಸರಿದಳು. ರಾಜೀವಿ ಅತ್ತೆ! ಅಪ್ಪನ ತಂಗಿ. ತೊಡೆದೇವು ಎಂಬ ಸಿಹಿತಿಂಡಿ ಮಾಡಿ ಶಿರಸಿಯ ಅಂಗಡಿಗಳಿಗೆ ಕಳಿಸುತ್ತಾಳೆ. ಅವಳ ಮನೆಗೆ ಹೋದವರು ಏನೂ ತಿನ್ನದೆ ವಾಪಸು ಬಂದದ್ದನ್ನು ಕಂಡವರಿಲ್ಲ. ಮೀಟರ್ ಓದಲು ಬಂದವನೂ ಅವಳ ಮನೆಯಿಂದ ಕೈತೊಳೆದುಕೊಂಡೇ ಹೊರಡುತ್ತಿದ್ದ.

ಇಬ್ಬರೂ ಜಗಲಿಗೆ ಕಾಲಿಡುವ ಮೊದಲೇ ರಾಜೀವಿ ಕೇಳಿದಳು. “ಆಸರಿಗೆ ಎಂತ ಕೊಡ್ಲಿ?”

ಡಾಕ್ಟರು ತಮಗೆ ಚಹಾ ಸಾಕೆಂದರು. “ಇವಳಿಗೆ ಮಾತ್ರ ಏನೂ ಕೊಡಬ್ಯಾಡ್ರಿ. ಇವತ್ತು ಪರೀಕ್ಷೆ ಐತಿ, ಖಾಲಿ ಹೊಟ್ಟಿಲಿ ಇರಬೇಕು. ನೀರಷ್ಟ ಕೊಡ್ರಿ.”

ರಾಜೀವಿ ಕೆನ್ನೆಗೆ ಕೈ ಹಚ್ಚಿದಳು. “ಶಾಲೆ ಬಿಟ್ಟ ಕೂಸಿಗೆ ಎಂತಾ ಪರೀಕ್ಷೆ? ಅದೂ ಉಪವಾಸ ಕೆಡಗಿ! ಯಾವ ಮಾಸ್ತರು ಹಿಂಗೆ ಹೇಳ್ದ?”

ತಡವಾಗುತ್ತದೆಂದು ಯಲ್ಲಾಪುರಕ್ಕೆ ಫೋನು ಮಾಡಬೇಕಿತ್ತು. ಫೋನು ಪಕ್ಕದ ಮನೆಯಲ್ಲಿತ್ತು. ಡಾಕ್ಟರು ಅತ್ತ ಹೋದದ್ದೇ ತಡ, ರಾಜೀವಿ ವೇದಾಳ ಕೈ ಹಿಡಿದು ಒಳಗೆ ಎಳೆದೊಯ್ದಳು.

ಒಲೆಯ ಮೇಲೆ ಬೋರಲು ಹಾಕಿದ ಮಡಕೆ ಕಾದಿತ್ತು. ರಾಜೀವಿ ಕಬ್ಬಿನಹಾಲಿನ ಹಿಟ್ಟನ್ನು ಅದರ ಮೇಲೆ ಬಟ್ಟೆಯಿಂದ ಒಮ್ಮೆ ಎಳೆದಳು. ಹಾಳೆಯಂಥ ತೊಡೆದೇವು ಎದ್ದು ಬಂತು. ಮಡಚಿ ಬಾಳೆಲೆಯ ಮೇಲಿಟ್ಟು ತುಪ್ಪದ ಗಿಂಡಿಗೆ ಕೈ ಹಾಕಿದಳು.

“ಬ್ಯಾಡ ಅತ್ತೆ” ಎಂದಳು ವೇದಾ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಕಡೆಯ ಅಡುಗೆಮನೆಗಳಲ್ಲಿ ‘ಬ್ಯಾಡ’ ಎಂಬುದಕ್ಕೆ ಒಂದು ಲೆಕ್ಕವಿದೆ. ಮೊದಲನೆಯ ‘ಬ್ಯಾಡ’ ಮರ್ಯಾದೆಯದು; ಅದನ್ನು ಬಡಿಸುವವರು ಕೇಳಿಸಿಕೊಳ್ಳುವುದಿಲ್ಲ. ಎರಡನೆಯದು ನಾಚಿಕೆಯದು, ಅದಕ್ಕೆ ಇನ್ನೊಂದು ಹೆಚ್ಚು ಬಡಿಸಬೇಕು. ಎಲೆಗೆ ಅಡ್ಡ ಬಗ್ಗಿ, ಎರಡೂ ಕೈ ಚಾಚಿ, ಗಟ್ಟಿಯಾಗಿ ಹೇಳುವ ಮೂರನೆಯದು ಮಾತ್ರ ನಿಜವಾದ ‘ಬ್ಯಾಡ’. ವೇದಾ ಹುಟ್ಟಿದಾಗಿನಿಂದ ಮೂರನೆಯ ‘ಬ್ಯಾಡ’ದ ತನಕ ತಲುಪಿದವಳೇ ಅಲ್ಲ.

“ಬ್ಯಾಡ ಅತ್ತೆ, ಡಾಕ್ಟ್ರು ಬೈತ್ರು” ಎಂದು ಎರಡನೆಯದನ್ನೂ ಹೇಳಿದಳು.

“ಬೈದ್ರೆ ಯಂಗೆ ಬೈಲಿ, ಅಡ್ಡಿಲ್ಲೆ. ಒಂದು ತೊಡೆದೇವು ಅಂದ್ರೆ ಎಂತ, ಗಾಳಿ ಇದ್ದಾಂಗೆ. ನಿನ್ನ ಆಯಿ ಹಾಸಿಗೆ ಹಿಡಿದಾಗ ಯಂಗೆ ಬಪ್ಪಲಾಜಿಲ್ಲೆ ಹೇಳಿ ಇವತ್ತಿಗೂ ಹೊಟ್ಟೆ ಉರೀತು. ನೀನಾದ್ರೂ ತಿನ್ನೆ ಮಗಾ.”

ಮೂರನೆಯದು ವೇದಾಳ ಗಂಟಲಿನ ತನಕ ಬಂದಿತ್ತು. ಅಮ್ಮನ ಕಾಯಿಲೆಗೆ ಬರಲಾಗಲಿಲ್ಲವೆಂದ ಅತ್ತೆಯ ಕಣ್ಣಿನಲ್ಲಿ ನೀರು ಕಂಡು ಅದು ಹಾಗೇ ಕೆಳಗಿಳಿಯಿತು. ಅದರ ಹಿಂದೆಯೇ ತೊಡೆದೇವು ಇಳಿಯಿತು. ಒಂದರ ಹಿಂದೆ ಇನ್ನೊಂದು. ತುಪ್ಪ ಮೊಣಕೈಯವರೆಗೆ ಹರಿಯಿತು. ಹಾಲು ಬೇರೆ ಬಂತು. ಬೆಳಗಿನಿಂದ ಏನೂ ತಿನ್ನದವಳಿಗೆ ಅದು ಎಷ್ಟು ರುಚಿಯಾಗಿತ್ತೆಂದರೆ, ಪಾಪಕ್ಕೆ ಇಷ್ಟು ಒಳ್ಳೆಯ ಘಮ ಇರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಮರಳಿದಾಗ ವೇದಾ ಜಗಲಿಯಲ್ಲಿ ಬಾಯಿ ಒರೆಸಿಕೊಂಡು, ದೇವರ ಫೋಟೋದಂತೆ ಅಲ್ಲಾಡದೆ ಕೂತಿದ್ದಳು.

ಸಂಗಯ್ಯ ಟಯರು ಉರುಳಿಸಿಕೊಂಡು ಬಂದ. ಕಾರು ಹೊರಟಿತು. ವೇದಾಳಿಗೆ ಹೇಳಿಬಿಡಬೇಕು ಎನಿಸಿತು.

“ಡಾಕ್ಟ್ರಮ್ಮ, ಒಂದು ಮಾತು...”

“ಈಗ ಮಾತು ಬ್ಯಾಡವ್ವ, ಓದಿದ್ದೆಲ್ಲ ಹಾರಿಹೋಗತೈತಿ. ನೀನು ಒಬ್ಬಾಕಿ ಸರಿ ಇದ್ದೀ ಅನ್ನೋದ ನನಗ ಧೈರ್ಯ.”

ಸಂಗಯ್ಯ ನೀರಿನ ಬಾಟಲಿ ಹಿಂದಕ್ಕೆ ಚಾಚಿದ. ವೇದಾ ಪ್ರಾಯಶ್ಚಿತ್ತವೆಂಬಂತೆ ಪೂರಾ ಕುಡಿದಳು.

ನರ್ಸಿಂಗ್ ಹೋಮಿನ ಕತ್ತಲೆ ಕೋಣೆಯಲ್ಲಿ ಪರೀಕ್ಷಕರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಮುಖ ಹುಳಿ ಮಜ್ಜಿಗೆ ಕುಡಿದವರಂತಿತ್ತು. ಡಾಕ್ಟರು ವೇದಾಳ ಹೊಟ್ಟೆಗೆ ಜೆಲ್ ಸವರಿ, ಗುರುತಿನ ಜಾಗದಲ್ಲಿ ಯಂತ್ರದ ಹಿಡಿ ಇಟ್ಟರು. ದಿನಾ ಅಲ್ಲಿ ಪುಟ್ಟ ಹೀರೇಕಾಯಿಯಂತೆ ತುಂಬಿ ನಿಲ್ಲುತ್ತಿದ್ದ ಪಿತ್ತಕೋಶ ಇರಲಿಲ್ಲ. ಸರಿಸಿದರು. ಇಲ್ಲ. ಓರೆ ಮಾಡಿದರು. ಗಾಳಿ ಹೋದ ಬಲೂನಿನಂಥದ್ದು ಏನೋ ಮುದುಡಿ ಬಿದ್ದಿತ್ತು. ಕಲ್ಲಿನ ಸುಳಿವೇ ಇಲ್ಲ.

ಡಾಕ್ಟರು ನಿಧಾನವಾಗಿ ವೇದಾಳ ಮುಖ ನೋಡಿದರು. ವೇದಾ ಕಣ್ಣು ಮುಚ್ಚಿಕೊಂಡಳು.

“ಏನು ಕಾಣ್ತದೆ ಹೇಳಿ” ಎಂದರು ಪರೀಕ್ಷಕರು. “ನೀವು ಕೊಟ್ಟ ವಿವರದಲ್ಲಿ ಕಲ್ಲು ಅಂತ ಇದೆ.”

ಕಲ್ಲಿದೆ ಎಂದು ಪಾಠ ಒಪ್ಪಿಸಿದರೆ ಆಗಿಹೋಗುತ್ತಿತ್ತು. ದಾಕ್ಷಾಯಿಣಿ ಇನ್ನೊಮ್ಮೆ ಪರದೆ ನೋಡಿದರು. ಬನವಾಸಿಯ ಮಾತು ತಾನೇ ತಾನಾಗಿ ಹೊರಬಂತು.

“ಸರ್, ಈ ಹುಡುಗಿ ಉಂಡಾಳ.”

“ಏನಂದ್ರಿ?”

“ಪಿತ್ತಕೋಶ ಕುಗ್ಗೇತಿ ಸರ್. ಕಲ್ಲು ಈಗ ನನಗ ಕಾಣವಲ್ದು. ಕಾಣದ್ದನ್ನ ಐತಿ ಅಂತ ಹೆಂಗ ಹೇಳ್ಲಿ? ಈಕಿ ಈಗ ಬರೋ ದಾರ್ಯಾಗ ತುಪ್ಪ ತಿಂದಾಳ.”

ಪರೀಕ್ಷಕರು ವೇದಾಳ ಕಡೆ ಬಗ್ಗಿದರು. “ಏನಮ್ಮಾ, ಏನು ತಿಂದೆ?”

“...ತೊಡೆದೇವು.”

“ತುಪ್ಪ?”

“ಅತ್ತೆ ಹಾಕಿದಷ್ಟು.”

ಹುಳಿ ಮಜ್ಜಿಗೆಯ ಮುಖ ಒಮ್ಮೆಲೇ ಒಡೆಯಿತು. ಪರೀಕ್ಷಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ಬೆಳಗಿನಿಂದ ಎಲ್ಲರೂ ನಂಗೆ ಪುಸ್ತಕ ಓದಿ ಹೇಳಿದ್ರು. ಪರದೆ ನೋಡಿ ಹೇಳಿದವರು ನೀವೊಬ್ಬರೇ. ಪಾಸು ಡಾಕ್ಟರೇ, ಪಾಸು!”

ದಾಕ್ಷಾಯಿಣಿ ಜೆಲ್ ಹತ್ತಿದ ಕೈಯಲ್ಲೇ ವೇದಾಳ ಕೈ ಹಿಡಿದುಕೊಂಡರು. ಎರಡೂ ಕೈ ಅಂಟಿಕೊಂಡವು. “ಹುಚ್ಚಿ! ನೀ ಉಪವಾಸ ಇದ್ದಿದ್ರ ನಾನೂ ಪುಸ್ತಕಾನ ಓದತಿದ್ದೆ. ನಿನ್ನ ಋಣ ಹೆಂಗ ತೀರಸಲಿ? ಏನು ಬೇಕು, ಕೇಳವ್ವ.”

ಅಮ್ಮನನ್ನು ಉಳಿಸಿದವರು ತನಗೆ ಋಣ ಎನ್ನುತ್ತಿದ್ದಾರೆ! ವೇದಾಳ ಕಣ್ಣು ತುಂಬಿತು. ಕಣ್ಣೊಂದೇ ತುಂಬಿದ್ದರೆ ಪರವಾಗಿರಲಿಲ್ಲ. ಏನು ಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಬಾಯಿ ತೆರೆದಳು.

ಅಷ್ಟರಲ್ಲಿ ಪರೀಕ್ಷಕರು ಬಾಗಿಲು ತೆಗೆದು, ಪರೀಕ್ಷೆಗೆ ಬಂದು ಹೊರಗಿದ್ದ ಡಾಕ್ಟರುಗಳನ್ನೆಲ್ಲ ಕರೆದರು. “ಬನ್ನಿ, ಬನ್ನಿ! ತುಪ್ಪ ತಿಂದ ಪಿತ್ತಕೋಶ ಹೇಗಿರ್ತದೆ ನೋಡಿ. ಈ ಹುಡುಗಿಗೆ ಸಂಜೆಯವರೆಗೂ ಏನೂ ತಿನ್ನೋಕೆ ಕೊಡಬೇಡಿ. ಚೀಲ ಮತ್ತೆ ತುಂಬಿ ಕಲ್ಲು ಕಾಣೋದನ್ನೂ ನೋಡಿಬಿಡೋಣ. ಆಹಾ, ಈ ಮೂತ್ರಚೀಲ ನೋಡಿ! ಇಷ್ಟು ಚೆನ್ನಾಗಿ ತುಂಬಿದ್ದು ನನ್ನ ಸರ್ವೀಸಿನಲ್ಲೇ ಕಂಡಿಲ್ಲ. ಒಬ್ಬೊಬ್ಬರಾಗಿ ಬನ್ನಿ, ಅವಸರ ಬೇಡ.”

“ನಾ ಕುಡಿಸಿದ್ದು ಸರ್ ಅದು!” ಎಂದ ಬಾಗಿಲಲ್ಲಿ ಇಣುಕುತ್ತಿದ್ದ ಸಂಗಯ್ಯ.

ಡಾಕ್ಟರುಗಳೆಲ್ಲ ಪರದೆಯನ್ನು ಮುತ್ತಿಕೊಂಡರು. ದಾಕ್ಷಾಯಿಣಿಯವರೂ ಹೆಮ್ಮೆಯಿಂದ ಅತ್ತ ತಿರುಗಿ, ಎಲ್ಲಿ ಏನಿದೆಯೆಂದು ಬೆರಳಿಟ್ಟು ತೋರಿಸತೊಡಗಿದರು. ಕೋಣೆಯಲ್ಲಿದ್ದ ಅಷ್ಟೂ ಕಣ್ಣುಗಳು ವೇದಾಳ ಒಳಗಿದ್ದವು. ಮುಖದ ಕಡೆ ಒಂದೂ ಇರಲಿಲ್ಲ.

ವೇದಾ ಕಾಲಿಗೆ ಕಾಲು ಹೆಣೆದಳು. ಆಮೇಲೆ ಹುಟ್ಟಿದ ಮೇಲೆ ಮೊದಲ ಬಾರಿಗೆ ಧೈರ್ಯ ತಂದುಕೊಂಡು, ಕತ್ತಲೆಯಲ್ಲಿ ಕಿರುಬೆರಳು ಎತ್ತಿದಳು.

“ಡಾಕ್ಟ್ರಮ್ಮ, ಒಂದಕ್ಕೆ ಹೋಗಿ ಬರ್ಲಾ?”