ಬಾಗಿಲಿಲ್ಲದ ಕ್ಲಾಸು

"ಕಪ್ಪುಹಲಗೆ ಕಾಲ ಮುಗೀತು! ಇನ್ಮೇಲೆ ನನ್ನ ಕ್ಲಾಸಿಗೆ ಗೋಡೆ ಇಲ್ಲ, ಗಂಟೆ ಇಲ್ಲ, ಬಾಗಿಲೂ ಇಲ್ಲ!"

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಅಡುಗೆಮನೆಯ ನಡುವೆ ನಿಂತು, ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು ಈ ಘೋಷಣೆ ಹೊರಡಿಸಿದಾಗ ಸಭೆಯಲ್ಲಿದ್ದವರು ಒಬ್ಬರೇ. ಅದು ಅವರ ಹೆಂಡತಿ.

"ಬಾಗಿಲೇ ಇಲ್ದಿದ್ರೆ ಮಕ್ಕಳು ಓಡಿಹೋಗೋದು ಸುಲಭ ಆಯ್ತು ಬಿಡಿ. ಮೊದ್ಲು ಆ ಸೌಟು ಕೊಡಿ, ತಳ ಹಿಡೀತಿದೆ" ಎಂದಳು ಆಕೆ.

ಮಹಾಕಾರ್ಯಕ್ಕೆ ಹೊರಟವರು ಇಂಥ ಮಾತಿಗೆಲ್ಲ ಕಿವಿಗೊಡುತ್ತಾರೆಯೇ? ಅಂದೇ ಸಂಜೆ ಮೇಷ್ಟ್ರ ಮೊಬೈಲಿನಲ್ಲಿ ಒಂಬತ್ತನೇ ತರಗತಿಯ ಮೆಸೇಜ್ ಗ್ರೂಪ್ ಹುಟ್ಟಿತು. ಹೆಸರು, 'ಬಾಗಿಲಿಲ್ಲದ ಕ್ಲಾಸು'. ತರಗತಿಯ ಮಕ್ಕಳೆಲ್ಲ ಸೇರಿದರು. ಹೆಡ್ ಮೇಡಂ ಸೇರಿದರು. ಸಭೆ ಇನ್ನೂ ತುಂಬಲಿ ಎಂದು ಮೇಷ್ಟ್ರು ಹೆಂಡತಿಯನ್ನೂ ಪಕ್ಕದ ಮನೆಯ ನಿವೃತ್ತ ಮ್ಯಾನೇಜರನ್ನೂ ಕೇಳದೆಯೇ ಸೇರಿಸಿಬಿಟ್ಟರು. ಬೆಳಗಾಗುವಷ್ಟರಲ್ಲಿ ಟಿಣ್ ಟಿಣ್ ಸದ್ದು ತಡೆಯಲಾರದೆ ಹೆಂಡತಿ ತನ್ನ ಫೋನನ್ನೇ ಸೈಲೆಂಟ್ ಮಾಡಿದಳು. ಮ್ಯಾನೇಜರು ಮೇಷ್ಟ್ರನ್ನೇ ಬ್ಲಾಕ್ ಮಾಡಿದರು!

ಗ್ರೂಪಿನಲ್ಲಿ ಮೇಷ್ಟ್ರ ಶಿಸ್ತೆಂದರೆ ಉಕ್ಕಿನ ಶಿಸ್ತು. ಪಾಠಕ್ಕೆ ಸಂಬಂಧಪಡದ ಒಂದಕ್ಷರ ಕಂಡರೂ ನಿರ್ದಾಕ್ಷಿಣ್ಯವಾಗಿ ಅಳಿಸುತ್ತಿದ್ದರು. ಇನ್ನು ಅವರು ಕೇಳುವ ಪ್ರಶ್ನೆಗಳೋ, ಒಂದೊಂದೂ ಒಂದು ಪತ್ತೇದಾರಿ ಕಾದಂಬರಿ. 'ನಾನೀಗ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ. ಹಗ್ಗ ತುಂಡಾಗುತ್ತಿದೆ. ಇದು ಪ್ರಶ್ನೆಯಲ್ಲ ಮಕ್ಕಳೇ, ನಿಜ! ನನ್ನ ತೂಕ ಎಷ್ಟಾಗುತ್ತದೆ?' ಮೊದಲ ಸಲ ಇದನ್ನು ಓದಿದ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅತ್ತೇಬಿಟ್ಟಿದ್ದಳಂತೆ. ಮೇಷ್ಟ್ರಿಗೆ ಅದೇ ದೊಡ್ಡ ಬಿರುದು. ಆಮೇಲೆ ಯಾರೂ ಅಳಲಿಲ್ಲ. ಉತ್ತರವನ್ನೂ ಬರೆಯಲಿಲ್ಲ, ಹೆಬ್ಬೆರಳ ಚಿತ್ರ ಒತ್ತಿ ಸುಮ್ಮನಾದರು.

ಒಂದು ಸೋಮವಾರ ಗ್ರೂಪಿನಲ್ಲಿ ಹೆಂಡತಿಯದೇ ಮೆಸೇಜು ಬಂತು. 'ರೀ, ಸ್ಟೋರ್ ರೂಮಿನ...' ಎಂಬಷ್ಟು ಕಣ್ಣಿಗೆ ಬಿದ್ದದ್ದೇ ತಡ, ಮೇಷ್ಟ್ರು ಮುಂದೆ ಓದದೆ ಅಳಿಸಿ ಹಾಕಿದರು. ಕೆಳಗೆ ಗುಡುಗಿದರು: 'ಶಿಸ್ತು ಎಲ್ಲರಿಗೂ ಒಂದೇ. ಮೇಷ್ಟ್ರ ಮನೆಯವರಿಗೂ ರಿಯಾಯಿತಿ ಇಲ್ಲ!'

ಇತಿಹಾಸ ತಿರುಗಿದ್ದು ಆ ಭಾನುವಾರ ಬೆಳಿಗ್ಗೆ.

ವಾರಕ್ಕೊಮ್ಮೆ ಮೇಷ್ಟ್ರು ತಮ್ಮ ದನಿಯಲ್ಲಿ ಪಾಠ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕುತ್ತಿದ್ದರು. ಅದಕ್ಕೆ ಸ್ಟೋರ್ ರೂಮೇ ಸ್ಟುಡಿಯೊ. ಹಳೇ ಹಾಸಿಗೆ, ರಜಾಯಿ, ಸೂಟ್‌ಕೇಸುಗಳ ನಡುವೆ ಕೂತರೆ ಹೊರಗಿನ ಸದ್ದು ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಟೇಬಲ್ ಲ್ಯಾಂಪು, ಹಲ್ಲಿನ ನಡುವೆ ಪೆನ್ನು ಕಚ್ಚಿಕೊಂಡು ಮೇಷ್ಟ್ರು ತೆರೆದೇ ಇದ್ದ ಬಾಗಿಲಿನಿಂದ ಒಳಹೊಕ್ಕು ಆಸನಾರೂಢರಾದರು.

"ಲೇ, ಬಾಗಿಲು ಹಾಕೇ! ರೆಕಾರ್ಡಿಂಗ್!"

ಹೆಂಡತಿ ಚಪ್ಪಲಿ ಮೆಟ್ಟಿ, ಚೀಲ ಹಿಡಿದು ಬಂದಳು. "ನಾನು ಅಕ್ಕನ ಮನೆಗೆ ಹೋಗ್ಬರ್ತೀನಿ. ಒಲೆ ಮೇಲೆ ಆಲೂಗಡ್ಡೆ ಇದೆ, ಹತ್ತು ನಿಮಿಷ ಬಿಟ್ಟು ಆರಿಸ್ಬೇಕು. ಕೇಳಿಸ್ತಾ?"

"ಹ್ಞೂಂ."

"ಮತ್ತೆ ಈ ಬಾಗಿಲು ಇದೆಯಲ್ಲ, ಇದನ್ನ..."

"ಶ್! ರೆಕಾರ್ಡಿಂಗ್ ಅಂದ್ನಲ್ಲ!"

ಆಕೆ ಬಾಗಿಲನ್ನು ಒತ್ತಿ ಮುಚ್ಚಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಪ್ರಿಯ ಮಕ್ಕಳೇ! ಇಂದಿನ ಪಾಠ, ಬಲ. ಬಲ ಎಂದರೇನು? ತಳ್ಳುವುದು ಅಥವಾ ಎಳೆಯುವುದು. ಅಷ್ಟೇ! ಇಡೀ ವಿಶ್ವ ನಡೆಯುವುದೇ ಈ ಎರಡರಿಂದ!"

ವಿಶ್ವವನ್ನು ನಡೆಸಿ ಮುಗಿಸಿದಾಗ ಆಲೂಗಡ್ಡೆ ನೆನಪಾಯಿತು. ಎದ್ದು ಬಾಗಿಲಿನ ಹಿಡಿ ಹಿಡಿದು ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಊಹೂಂ. ಗೋಡೆಗೆ ಕಾಲು ಕೊಟ್ಟು, ಕುಲದೇವರನ್ನು ನೆನೆದು ಎಳೆದರು. ಹಿಡಿ ಬಂತು! ಬಾಗಿಲು ಬರಲಿಲ್ಲ. ಮೇಷ್ಟ್ರು ಹಿಡಿಯ ಸಮೇತ ರಜಾಯಿಗಳ ಮೇಲೆ ಅಂಗಾತ ಬಿದ್ದರು.

ಒಲೆ ಉರಿಯುತ್ತಿದೆ! ನೀರು ಬತ್ತುತ್ತದೆ, ಪಾತ್ರೆ ಕಾಯುತ್ತದೆ, ಪಕ್ಕದಲ್ಲೇ ಮಸಿಬಟ್ಟೆ, ಅದರ ಮೇಲೆ ಕಿಟಕಿಯ ಪರದೆ... ಮೇಷ್ಟ್ರ ಕಲ್ಪನೆಗೆ ಬೆಂಕಿ ಹತ್ತಿಕೊಂಡಿತು. ಹೆಂಡತಿಗೆ ಫೋನ್ ಮಾಡಿದರು. ಬಡಿದುಕೊಂಡಿತು, ಎತ್ತಲಿಲ್ಲ. ಫೋನಿನ ಬಾಯಿ ಮುಚ್ಚಿಸಿದ್ದು ಇವರದೇ ಗ್ರೂಪಲ್ಲವೇ! ಪಕ್ಕದ ಮನೆಗೆ ಮಾಡಿದರು. ಬ್ಲಾಕ್! "ಮ್ಯಾನೇಜರ್ ಸಾರ್, ಬೆಂಕಿ!" ಎಂದು ಕಿರುಚಿದರು. ದನಿಯನ್ನು ರಜಾಯಿಗಳು ನುಂಗಿದವು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ.

ಉಳಿದದ್ದು ಒಂದೇ ದಾರಿ. ಗ್ರೂಪಿನಲ್ಲಿ ಒತ್ತಿದರು: 'ಮಕ್ಕಳೇ, ನಾನು ಸ್ಟೋರ್ ರೂಮಿನಲ್ಲಿ ಸಿಕ್ಕಿಕೊಂಡಿದ್ದೇನೆ. ಬಾಗಿಲು ಎಳೆದರೆ ಬರುತ್ತಿಲ್ಲ. ಒಲೆಯ ಮೇಲೆ ಆಲೂಗಡ್ಡೆ ಇದೆ. ಇದು ಪ್ರಶ್ನೆಯಲ್ಲ, ನಿಜ!'

ಅಷ್ಟು ದಿನ ಹೆಬ್ಬೆರಳು ಬಿಟ್ಟು ಬೇರೇನೂ ಕಾಣದ ಗ್ರೂಪು ಕಣ್ಣುಬಿಟ್ಟಿತು.

'ಸೂಪರ್ ಪ್ರಶ್ನೆ ಸಾರ್!'

'ಎಷ್ಟು ಮಾರ್ಕ್ಸು ಸಾರ್?'

'ಬಾಗಿಲಿನ ತೂಕ ಕೊಟ್ಟಿಲ್ಲ ಸಾರ್.'

'ಆಲೂಗಡ್ಡೆ ಸಿಪ್ಪೆ ಸುಲಿದಿದ್ದಾ, ಸುಲಿಯದೇ ಇರೋದಾ?'

ಮೇಷ್ಟ್ರಿಗೆ ಬೆವರು ಇಳಿಯಿತು. 'ಅಯ್ಯೋ, ನಿಜವಾಗಿಯೂ ನಿಜ! ಯಾರಾದರೂ ಮನೆಗೆ ಓಡಿ ಬನ್ನಿ!'

'ಲಿಫ್ಟ್ ಪ್ರಶ್ನೆಯಲ್ಲೂ ಹೀಗೇ ಬರೆದಿದ್ರಿ ಸಾರ್. ಸೂಪರ್ ಆ್ಯಕ್ಟಿಂಗ್!' ಎಂದಳು ಅಂದು ಅತ್ತಿದ್ದ ಮುಂದಿನ ಬೆಂಚಿನ ಹುಡುಗಿ. ತೋಳ ಬಂತು ತೋಳ ಎಂದು ದಿನಾ ಕೂಗಿದವನಿಗೆ ನಿಜವಾದ ತೋಳ ಬಂದಾಗ ಸಿಕ್ಕುವ ಗೌರವವೇ ಇದು.

ಅಷ್ಟರಲ್ಲಿ ಹೆಡ್ ಮೇಡಂ ಅವತರಿಸಿದರು. 'ಭೇಷ್ ಮೇಷ್ಟ್ರೇ! ನಿತ್ಯಜೀವನದ ಪ್ರಶ್ನೆ ಅಂದ್ರೆ ಹೀಗಿರಬೇಕು. ಮಕ್ಕಳೇ, ಎಲ್ಲರೂ ಬಿಡಿಸಿ.'

ಇನ್ನು ಕೇಳಬೇಕೇ! ಸನ್ನೆಕೋಲಿನ ಚಿತ್ರಗಳು ಬಂದವು. ಬಾಣದ ಗುರುತುಗಳು ಬಂದವು. ಒಬ್ಬ ಕೀಲಿಗೆ ಎಣ್ಣೆ ಬಿಡಲು ಹೇಳಿದ. ಇನ್ನೊಬ್ಬ, ನೀರು ಬತ್ತಲು ಇನ್ನು ನಾಲ್ಕೇ ನಿಮಿಷ ಎಂದು ಲೆಕ್ಕ ಹಾಕಿ ಕೆಳಗೆ ಎರಡು ಗೆರೆ ಎಳೆದ. ಅದನ್ನು ಓದಿ ಮೇಷ್ಟ್ರಿಗೆ ಸುಟ್ಟ ವಾಸನೆಯೇ ಬಂದಂತಾಗಿ, ಕಣ್ಣು ಮಂಜಾಯಿತು. ಹದಿನೆಂಟು ವರ್ಷ ಕಷ್ಟಪಟ್ಟು ಹೆಂಡತಿ ಒಂದೊಂದಾಗಿ ಕೂಡಿಸಿದ ಅಡುಗೆಮನೆ! 'ಹ್ಞೂಂ' ಎಂದಿದ್ದರಲ್ಲ, ಆ ಒಂದು 'ಹ್ಞೂಂ'ಗೆ ಏನು ಉತ್ತರ ಕೊಡುವುದು?

ಆಗ ಬಂತು ಒಂದು ಮೆಸೇಜು. ಕಳಿಸಿದವಳು ಕ್ಲಾಸಿನಲ್ಲಿ ಮಾತುಮಾತಿಗೂ ಕೈಯೆತ್ತುವ ಹುಡುಗಿ. ಅವಳಿಗೆ ಎಲ್ಲರೂ ಇಟ್ಟ ಹೆಸರು 'ಡೌಟು'.

'ಸಾರ್, ಒಂದು ಡೌಟು. ತಳ್ಳಿ ನೋಡಿದ್ರಾ?'

ಮೇಷ್ಟ್ರಿಗೆ ರೇಗಿತು. 'ನಮ್ಮ ಮನೆ ಬಾಗಿಲು ನನಗೆ ಗೊತ್ತಿಲ್ಲವೇ? ಹದಿನೆಂಟು ವರ್ಷದಿಂದ ಒಳಗಿನಿಂದ ಎಳೆದೇ ತೆಗೆಯುತ್ತಿದ್ದೇನೆ!'

'ಅಲ್ಲ ಸಾರ್. ಸೋಮವಾರ ನಿಮ್ಮ ಮನೆಯವ್ರು ಇಲ್ಲೇ ಬರೆದಿದ್ರಲ್ಲ? "ರೀ, ಸ್ಟೋರ್ ರೂಮಿನ ಬಾಗಿಲನ್ನ ಬಡಗಿ ಕರೆಸಿ ತಿರುಗಿಸಿ ಹಾಕ್ಸಿದ್ದೀನಿ. ಇನ್ಮೇಲೆ ಒಳಗಿಂದ ತಳ್ಬೇಕು, ಸ್ವಲ್ಪ ಬಿಗಿ ಇದೆ. ಬಾಯಲ್ಲಿ ಮೂರು ಸಲ ಹೇಳಿದೆ, ಕೇಳಲಿಲ್ಲ, ಅದಕ್ಕೆ ಇಲ್ಲಿ ಹಾಕ್ತಿದೀನಿ" ಅಂತ. ನಾವೆಲ್ಲ ಓದಿದ್ವಿ ಸಾರ್. ಆಮೇಲೆ ನೀವು ಡಿಲೀಟ್ ಮಾಡಿದ್ರಿ.'

ಮೇಷ್ಟ್ರು ಕೈಯಲ್ಲಿದ್ದ ಹಿಡಿಯನ್ನು ನೋಡಿದರು. ಬಾಗಿಲನ್ನು ನೋಡಿದರು. ಎದ್ದು ಭುಜ ಕೊಟ್ಟು ಒಂದು ಸಲ ತಳ್ಳಿದರು. ಬಾಗಿಲು ದಢಾರನೆ ತೆರೆದುಕೊಂಡಿತು, ಮೇಷ್ಟ್ರು ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿದ್ದರು. ಎದ್ದರು, ಬಿದ್ದರು, ಅಡುಗೆಮನೆಗೆ ಓಡಿದರು.

ಒಲೆ ಆರಿತ್ತು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿತ್ತು. ಒಳಗೆ ಆಲೂಗಡ್ಡೆಗಳು ಏನೂ ಆಗದವರಂತೆ ಬೆಚ್ಚಗೆ ಕೂತಿದ್ದವು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ನೆಲದ ಮೇಲೆ ಕುಸಿದು ಕೂತು, ಒಂದು ಆಲೂಗಡ್ಡೆಯನ್ನು ಎದೆಗೆ ಒತ್ತಿಕೊಂಡು ನಕ್ಕರು. ಕಣ್ಣಲ್ಲಿ ನೀರೂ ಬಂತು, ಅದನ್ನು ಯಾರಿಂದಲೂ ಮುಚ್ಚಿಡಬೇಕಿರಲಿಲ್ಲ.

ಹೆಂಡತಿ ಮನೆಗೆ ಬಂದಾಗಲೂ ಅವರು ಕೂತಲ್ಲೇ ಕೂತಿದ್ದರು.

"ಒಲೆ... ಯಾರು ಆರಿಸಿದ್ದು?"

"ನಾನೇ, ಹೋಗ್ತಾ ಆರಿಸ್ಬಿಟ್ಟೆ. ನಿಮ್ಮ 'ಹ್ಞೂಂ' ನಂಬ್ಕೊಂಡಿದ್ರೆ ಈ ಮನೆ ಇಷ್ಟು ವರ್ಷ ನಿಂತಿರ್ತಿತ್ತಾ? ಅದಿರ್ಲಿ, ಕೈಯಲ್ಲೇನ್ರೀ ಅದು? ಬಾಗಿಲಿನ ಹಿಡಿ ಥರ ಇದೆ!"

ಮೇಷ್ಟ್ರು ಹಿಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಆಕೆಯೇ ಚೀಲದಿಂದ ಫೋನ್ ತೆಗೆದು ಗ್ರೂಪು ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಓದಿ, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಏನೋ ಒತ್ತಿದಳು. ಮೇಷ್ಟ್ರ ಫೋನು ಟಿಣ್ ಎಂದಿತು.

'ಮಕ್ಕಳೇ, ನಿಮ್ಮ ಸಾರ್ ಕ್ಷೇಮವಾಗಿ ಹೊರಗೆ ಬಂದಿದ್ದಾರೆ. ಡೌಟು ಹೇಳಿದ್ದೇ ಸರಿ ಉತ್ತರ, ಪೂರ್ತಿ ಮಾರ್ಕ್ಸು. ಮನೆಯಲ್ಲಿ ಹೇಳಿದ್ದನ್ನ ಕೇಳೋದೂ ಒಂದು ಪಾಠವೇ.'

ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. ಹೆಬ್ಬೆರಳುಗಳ ಸುರಿಮಳೆಯಾಯಿತು. ಮೇಷ್ಟ್ರ ಮುಖ ಕೆಂಪಾಯಿತು. ಮೆಲ್ಲಗೆ ಬೆನ್ನು ತಿರುಗಿಸಿ, ಆ ಮೆಸೇಜಿನ ಮೇಲೆ ಬೆರಳಿಟ್ಟು ಒತ್ತಿಹಿಡಿದರು.

"ಏನ್ ಮಾಡ್ತಿದೀರಾ?" ಹೆಂಡತಿಯ ದನಿ ಕಿವಿಯ ಪಕ್ಕದಲ್ಲೇ ಕೇಳಿಸಿತು.

"ಡಿಲೀ..."

"ಏನಂದ್ರಿ?"

ಮೇಷ್ಟ್ರು ಅಳಿಸುವ ಗುರುತಿನಿಂದ ಬೆರಳನ್ನು ಪಕ್ಕಕ್ಕೆ ಸರಿಸಿದರು. "ಪಿನ್ ಮಾಡ್ತಿದೀನಿ ಕಣೇ! ಗ್ರೂಪಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ ಅಂತ!"